ಸಂವೇದಕ ಇನ್‌ಹೇಲರ್: ಅಳತೆಯ ನಿಖರತೆಯ ಚರಿತ್ರೆ

ಉಬ್ಬಸ, ಸಿಒಪಿಡಿ (ಶ್ವಾಸನಾಳ ಕಿರಿದಾಗುವ ದೀರ್ಘಕಾಲದ ಶ್ವಾಸಕೋಶ ರೋಗ) ಇರುವವರು ಔಷಧ ಎಳೆದುಕೊಂಡ ಹೊತ್ತನ್ನೂ, ಕೆಲವು ಮಾದರಿಗಳಲ್ಲಿ ಉಸಿರಿನ ಬಲವನ್ನೂ ತಾನೇ ದಾಖಲಿಸುವ ಸಾಧನವೇ ಸಂವೇದಕ ಇನ್‌ಹೇಲರ್. ಒತ್ತಿದ್ದೆಲ್ಲ ಎದೆಗೆ ಇಳಿಯಿತೆ ಎಂಬ ಪ್ರಶ್ನೆಯೇ ಇದರ ಚರಿತ್ರೆಯನ್ನು ಮುನ್ನಡೆಸಿದೆ.

1956ರಲ್ಲಿ ಅಮೆರಿಕದ ರೈಕರ್ ಪ್ರಯೋಗಾಲಯ ಒತ್ತಿದಾಗಲೆಲ್ಲ ನಿಗದಿತ ಪ್ರಮಾಣ ಚಿಮ್ಮುವ ಪಂಪನ್ನು ಮಾರುಕಟ್ಟೆಗೆ ತಂದಿತು. ಡಬ್ಬಿಯಲ್ಲಿ ಎಷ್ಟು ಉಳಿದಿದೆಯೆಂದು ತಿಳಿಯಲು ಜನ ಅದನ್ನು ಅಲುಗಿಸಿದರು, ನೀರಿನಲ್ಲಿ ತೇಲಿಸಿದರು. ಔಷಧದ ಎಣಿಕೆ ಮುಗಿದ ಮೇಲೂ ಚಿಮ್ಮಿಸುವ ದ್ರವ ಉಳಿಯುವುದರಿಂದ ಇವೆರಡನ್ನೂ ನಂಬುವಂತಿಲ್ಲ. ಸಂಶೋಧಕರು ಬಳಸಿದ ಡಬ್ಬಿಯನ್ನು ತೂಗಿ ಲೆಕ್ಕ ಹಾಕುತ್ತಿದ್ದರು.

ಆ ತೂಕದ ಲೆಕ್ಕವನ್ನು ಬುಡಮೇಲು ಮಾಡಿದ್ದು 1980ರ ದಶಕದ ‘ನೆಬ್ಯುಲೈಸರ್ ಕ್ರೊನೊಲಾಗ್’ ಎಂಬ ಸಾಧನ. ಪ್ರತಿ ಒತ್ತಿನ ದಿನಾಂಕ, ಗಂಟೆಯನ್ನು ಅದು ಬರೆದಿಡುತ್ತಿತ್ತು. ಅಮೆರಿಕ ಮತ್ತು ಕೆನಡಾದ ‘ಲಂಗ್ ಹೆಲ್ತ್ ಸ್ಟಡಿ’ ಎಂಬ ಅಧ್ಯಯನದಲ್ಲಿ, ಈ ದಾಖಲೆಯ ವಿಷಯ ತಿಳಿಯದಿದ್ದವರ ಪೈಕಿ ಸುಮಾರು ಶೇ 30ರಷ್ಟು ಮಂದಿ ಮೂರು ಗಂಟೆಯೊಳಗೆ ನೂರಕ್ಕೂ ಹೆಚ್ಚು ಬಾರಿ ಪಂಪು ಒತ್ತಿದ್ದರೆಂದು 1996ರಲ್ಲಿ ವರದಿಯಾಯಿತು. ವೈದ್ಯರ ಮುಂದೆ ತುಂಬಿದ ಡಬ್ಬಿ ತೋರಿಸಲು ಅಂಜಿ ಗಾಳಿಗೆ ಚಿಮ್ಮಿಸಿ ಖಾಲಿ ಮಾಡಿದ್ದಿರಬೇಕು. ಇದನ್ನು ಬರೀ ವಂಚನೆ ಎನ್ನುವುದು ಅನ್ಯಾಯ. ರೋಗಿಯ ಭಯವೂ ಅಲ್ಲಿ ಅಡಗಿರಬಹುದು.

ಒತ್ತು ಎಣಿಸಿದರೆ ಸಾಲದು, ಉಸಿರನ್ನೂ ಅಳೆಯಬೇಕೆಂಬ ಅರಿವು ಹೀಗೆ ಗಟ್ಟಿಯಾಯಿತು. ಐರ್ಲೆಂಡಿನ ‘ಇಂಕಾ’ ಸಾಧನ ಎಳೆತದ ಸದ್ದನ್ನೇ ಮುದ್ರಿಸಿಕೊಂಡಿತು. 2018ರ ಕೊನೆಯಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಟೆವಾ ಕಂಪನಿಯ ‘ಡಿಜಿಹೇಲರ್’ ಉಸಿರಿನ ವೇಗವನ್ನು ಅಳೆಯಿತು. 2024ರಲ್ಲಿ ಅದರ ಮಾರಾಟ ನಿಂತಿತು. ಇವೆಲ್ಲವೂ ಬಾಯಿಯವರೆಗಿನ ಅಳತೆ. ಶ್ವಾಸಕೋಶದಲ್ಲಿ ಎಷ್ಟು ನಿಂತಿತೆಂದು ನೋಡಲು ವಿಕಿರಣದ ಗುರುತು ಹಚ್ಚಿದ ಔಷಧದ ಚಿತ್ರಣದಂಥ ವಿಧಾನ ಬೇಕು.

ಭಾರತದಲ್ಲಿ ಲೂಪಿನ್ ಕಂಪನಿಯ ‘ಅಧೇರೊ’ ಪಂಪಿನ ಮೇಲೆ ಕೂರಿಸುವ ಬ್ಲೂಟೂತ್ ಸಾಧನ. ಶಿವಮೊಗ್ಗ, ಭದ್ರಾವತಿಯಂಥ ಊರುಗಳಿಗೆ ಈ ಚರಿತ್ರೆ ದೂರದ್ದಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಇದ್ದಿಲಿನ ಕುಲುಮೆಯಿಂದ ಉತ್ಪಾದನೆ ಆರಂಭಿಸಿತು. ಸುತ್ತಲ ಮಲೆನಾಡಿನಲ್ಲಿ ಅಡಿಕೆ ಬೇಯಿಸುವುದು ಸೌದೆ ಒಲೆಯಲ್ಲಿ. ಬೀಡಿ ಮುಟ್ಟದವರಿಗೂ ಇಂಥ ದೂಳು, ಹೊಗೆಯಿಂದ ಸಿಒಪಿಡಿ ಬರಬಲ್ಲದು. ಪುಡಿಯನ್ನು ಎಳೆದುಕೊಳ್ಳುವ ಇನ್‌ಹೇಲರ್‌ಗಳಲ್ಲಿ ಮಳೆಗಾಲದ ತೇವಕ್ಕೆ ಔಷಧ ಗಂಟು ಕಟ್ಟಬಹುದು. ಎಣಿಸುವ ಯಂತ್ರ ಆಗಲೂ ಅದನ್ನು ಪೂರ್ತಿ ಒಂದು ಡೋಸ್ ಎಂದೇ ಎಣಿಸುತ್ತದೆ. ಆದರೆ ಕ್ಯಾಪ್ಸೂಲಿನ ಪುಡಿಯನ್ನು ಎಳೆದುಕೊಳ್ಳುವ ಅಗ್ಗದ ಪಾರದರ್ಶಕ ರೋಟಾಹೇಲರ್‌ನಲ್ಲಿ ಕ್ಯಾಪ್ಸೂಲಿನಲ್ಲಿ ಉಳಿದ ಪುಡಿ ಬರಿಗಣ್ಣಿಗೇ ಕಾಣುತ್ತದೆ. ಉಳಿದಿದ್ದರೆ ಮತ್ತೊಮ್ಮೆ ಜೋರಾಗಿ ಎಳೆದುಕೊಳ್ಳಬೇಕು.