ಏರ್ ಕೂಲರ್ ಮುಂದೆ ಇಟ್ಟರೆ ಓವರ್‌ಕ್ಲಾಕ್ ಮಾಡಿದ ಕಂಪ್ಯೂಟರ್ ತಣ್ಣಗಿರುತ್ತದೆಯೇ?

ಬೇಸಿಗೆ ಬಂತೆಂದರೆ ವಾಟ್ಸಾಪ್ ಗುಂಪುಗಳಲ್ಲಿ ಇಂಥ ಸಲಹೆಗಳು ಸುತ್ತತೊಡಗುತ್ತವೆ: ಕಂಪ್ಯೂಟರ್ ಕಾದರೆ ಕೂಲರ್ ಮುಂದೆ ಇಡಿ, ಕ್ಯಾಬಿನೆಟ್ ಬಾಗಿಲು ತೆಗೆದು ಟೇಬಲ್ ಫ್ಯಾನ್ ಹಚ್ಚಿ, ಥರ್ಮಲ್ ಪೇಸ್ಟ್ ಬದಲು ಟೂತ್‌ಪೇಸ್ಟ್ ಸವರಿ, ಇಲ್ಲವೇ ಫ್ರಿಡ್ಜ್‌ನೊಳಗೇ ಇಟ್ಟುಬಿಡಿ. ಏಪ್ರಿಲ್–ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಕಡೆ ಇವುಗಳಲ್ಲಿ ಯಾವುದು ನಡೆಯುತ್ತದೆ, ಯಾವುದು ಮದರ್‌ಬೋರ್ಡನ್ನೇ ಸುಡುತ್ತದೆ? ನೋಡೋಣ.

ಓವರ್‌ಕ್ಲಾಕ್ ಎಂದರೆ ಕಂಪನಿ ನಿಗದಿ ಮಾಡಿದ್ದಕ್ಕಿಂತ ಹೆಚ್ಚು ವೇಗದಲ್ಲಿ ಪ್ರೊಸೆಸರನ್ನು ಓಡಿಸುವುದು. ಸ್ಥಿರವಾಗಿ ಓಡಲು ವೋಲ್ಟೇಜ್ ಕೂಡ ಏರಿಸಬೇಕಾಗುತ್ತದೆ. ತೊಂದರೆ ಶುರುವಾಗುವುದು ಇಲ್ಲೇ. ಶಾಖವು ವೇಗಕ್ಕೆ ತಕ್ಕಂತೆ ಏರಿದರೆ, ವೋಲ್ಟೇಜಿನ ವರ್ಗಕ್ಕೆ ತಕ್ಕಂತೆಯೂ ಏರುತ್ತದೆ. ವೇಗವನ್ನು 4 ಗಿಗಾಹರ್ಟ್ಸ್‌ನಿಂದ 4.6ಕ್ಕೆ, ವೋಲ್ಟೇಜನ್ನು 1.20ರಿಂದ 1.35ಕ್ಕೆ ಏರಿಸಿದಿರಿ ಎನ್ನಿ. ವೇಗ ಸಿಕ್ಕಿದ್ದು ಶೇ. 15, ಶಾಖ ಏರಿದ್ದು ಸುಮಾರು ಶೇ. 45!

ಇನ್ನೊಂದು ಲೆಕ್ಕ. ಫ್ಯಾನ್ ಆಗಲಿ, ನೀರಿನ ಕೂಲರ್ ಆಗಲಿ, ಚಿಪ್ಪನ್ನು ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು. 25 ಡಿಗ್ರಿಯ ಎಸಿ ಕೋಣೆಯಲ್ಲಿ ನಿಮ್ಮ ಚಿಪ್ 70 ಡಿಗ್ರಿಗೆ ನಿಲ್ಲುತ್ತದೆ ಎಂದರೆ, ಕೋಣೆಗಿಂತ 45 ಡಿಗ್ರಿ ಹೆಚ್ಚು. ಓವರ್‌ಕ್ಲಾಕ್ ಮಾಡಿದರೆ ಆ ಅಂತರ ಸುಮಾರು 65. ಎಸಿ ಕೋಣೆಯಲ್ಲಿ ಅದು 90, ಹೇಗೋ ನಡೆಯುತ್ತದೆ. ಹುನಗುಂದದ ಮೇ ತಿಂಗಳ ಮಧ್ಯಾಹ್ನ, 40 ಡಿಗ್ರಿಯ ಕೋಣೆಯಲ್ಲಿ? ಲೆಕ್ಕದ ಪ್ರಕಾರ 105. ಇಂದಿನ ಬಹುತೇಕ ಪ್ರೊಸೆಸರ್‌ಗಳು 90–100 ಡಿಗ್ರಿ ಆಸುಪಾಸಿನಲ್ಲಿ ತಾವಾಗಿಯೇ ವೇಗ ಇಳಿಸಿಕೊಳ್ಳುತ್ತವೆ. ಅಂದರೆ ಏರಿಸಿದ ವೇಗ ಕೈಗೆ ಸಿಗುವುದಿಲ್ಲ, ಕರೆಂಟ್ ಬಿಲ್ ಮಾತ್ರ ಬರುತ್ತದೆ. ಯೂಟ್ಯೂಬಿನವರು ತೋರಿಸುವ ತಾಪಮಾನ ನಿಮ್ಮ ಮನೆಯಲ್ಲಿ ಬರದಿರಲು ಕಾರಣ ಇಷ್ಟೇ.

ಈಗ ಫಾರ್ವರ್ಡ್‌ಗಳಿಗೆ ಬರೋಣ.

ಏರ್ ಕೂಲರ್ ಮಾತು ಅರ್ಧ ಸತ್ಯ. ಮಣ್ಣಿನ ಕೊಡದ ನೀರು ತಣ್ಣಗಾಗುವ ತತ್ವವೇ ಅದರದ್ದೂ. ನಮ್ಮ ಒಣ ಬೇಸಿಗೆಯಲ್ಲಿ ಕೋಣೆಯನ್ನು ಹಲವು ಡಿಗ್ರಿ ಇಳಿಸುತ್ತದೆ, ಮಳೆಗಾಲದಲ್ಲಿ ಹೆಚ್ಚು ಕೆಲಸ ಮಾಡುವುದಿಲ್ಲ. ಕೋಣೆಯಲ್ಲಿ ಕೂಲರ್ ಓಡಲಿ, ಕಿಟಕಿ ತೆರೆದಿರಲಿ. ಆದರೆ ಅದರ ಬಾಯಿಗೆ ನೇರವಾಗಿ ಕ್ಯಾಬಿನೆಟ್ ಇಡಬೇಡಿ. ಗಾಳಿಯ ಜೊತೆ ನೀರಿನ ಸಣ್ಣ ಹನಿಗಳು ಹಾರಿಬರುತ್ತವೆ. ಬೋರ್‌ವೆಲ್ ನೀರಾದರೆ ಅದರಲ್ಲಿ ಉಪ್ಪಿನಂಶವೂ ಇರುತ್ತದೆ. ಬೋರ್ಡ್ ಮೇಲಿನ ದೂಳು ಈ ನೀರು ಕುಡಿದರೆ ಕರೆಂಟ್ ಹರಿಯಬಾರದ ಕಡೆ ಹರಿಯುತ್ತದೆ.

ಫ್ರಿಡ್ಜ್ ಸಲಹೆ ಪೂರ್ತಿ ತಪ್ಪು. ಹಾಲು, ತರಕಾರಿಯನ್ನು ತಣ್ಣಗಿಡಲು ಮಾಡಿದ ಯಂತ್ರದೊಳಗೆ ನೂರಾರು ವ್ಯಾಟ್ ಶಾಖ ಬಿಡುವ ಪೆಟ್ಟಿಗೆ ಕೂರಿಸಿದರೆ ಕಂಪ್ರೆಸರ್ ಬಿಡುವಿಲ್ಲದೆ ಓಡಿ ಸೋಲುತ್ತದೆ. ಹೊರಗೆ ತೆಗೆದಾಗ ತಣ್ಣನೆಯ ಬಾಟಲಿ ಬೆವರುವಂತೆ ಬೋರ್ಡ್ ಕೂಡ ಬೆವರುತ್ತದೆ. ಟೂತ್‌ಪೇಸ್ಟ್ ಕೆಲಹೊತ್ತು ಕೆಲಸ ಮಾಡಿದಂತೆ ಕಾಣುತ್ತದೆ, ಒಣಗಿದ ಮೇಲೆ ಬಿರುಕು ಬಿಡುತ್ತದೆ. ಆ ಬಿರುಕಿನಲ್ಲಿ ಗಾಳಿ ಸೇರಿದರೆ ಶಾಖ ದಾಟುವುದೇ ಇಲ್ಲ. ಬಾಗಿಲು ತೆಗೆದು ಫ್ಯಾನ್ ಹಚ್ಚುವುದು ತಕ್ಷಣಕ್ಕೆ ಸರಿ, ತಿಂಗಳುಗಟ್ಟಲೆ ಬೇಡ.

ಬೇಡ ಎನ್ನಲು ಕಾರಣ ದೂಳು. ಇಳಕಲ್ ಸುತ್ತ ಗ್ರಾನೈಟ್ ಕ್ವಾರಿ, ಕಲ್ಲು ಪಾಲಿಶ್ ಘಟಕಗಳಿವೆ. ಸೀರೆ ನೇಯುವ ಮನೆಗಳಲ್ಲಿ ನೂಲಿನ ಎಳೆ ಹಾರಾಡುತ್ತದೆ. ಎಳೆಯೂ ಕಲ್ಲಿನ ಪುಡಿಯೂ ಸೇರಿ ಹೀಟ್‌ಸಿಂಕ್ ರೆಕ್ಕೆಗಳ ನಡುವೆ ಕಂಬಳಿಯಂತೆ ಕೂರುತ್ತವೆ. ಗಾಳಿಯೇ ದಾಟದಿದ್ದರೆ ಎಷ್ಟು ದುಬಾರಿ ಕೂಲರ್ ಇದ್ದರೇನು? ಗಾಳಿ ಒಳಬರುವ ಕಡೆ ಫಿಲ್ಟರ್ ಹಾಕಿ, ತಿಂಗಳಿಗೊಮ್ಮೆ ತೊಳೆಯಿರಿ. ಬ್ಲೋವರ್ ಹೊಡೆಯುವಾಗ ಪ್ಲಗ್ ತೆಗೆದು, ಫ್ಯಾನ್ ತಿರುಗದಂತೆ ಬೆರಳಿನಿಂದ ಹಿಡಿದುಕೊಳ್ಳಿ.

ಹಾಗಾದರೆ ಯಾವುದನ್ನು ಕೊಳ್ಳಬೇಕು? ನಮ್ಮ ಆಯ್ಕೆ ದೊಡ್ಡ ಟವರ್ ಏರ್ ಕೂಲರ್. ಅದರಲ್ಲಿ ಕೆಡುವ ಭಾಗ ಫ್ಯಾನ್ ಒಂದೇ, ಬದಲಿಸುವುದೂ ಸುಲಭ. ಅದರ ಗಾಳಿ ಮದರ್‌ಬೋರ್ಡಿನ ವೋಲ್ಟೇಜ್ ನಿಯಂತ್ರಿಸುವ ಭಾಗಗಳಿಗೂ ಒಂದಿಷ್ಟು ತಾಗುತ್ತದೆ. ಕ್ಯಾಬಿನೆಟ್ ಅಗಲ ಅಳೆದೇ ಕೊಳ್ಳಿ. ಕಂಪನಿಯಲ್ಲೇ ಮುಚ್ಚಿ ಬರುವ ನೀರಿನ ಕೂಲರ್ ಹೆಚ್ಚು ಶಾಖ ಸಾಗಿಸಬಲ್ಲದು. ಇನ್ನೂರು ವ್ಯಾಟ್ ದಾಟುವ ಪ್ರೊಸೆಸರ್‌ಗೆ ಅದು ಬೇಕಾಗಬಹುದು. ಆದರೆ ಬೆಲೆ ಹೆಚ್ಚು, ಪಂಪ್ ನಿಂತರೆ ದುರಸ್ತಿಯೂ ಕಷ್ಟ. ಪೈಪು ಜೋಡಿಸಿ ಮನೆಯಲ್ಲೇ ಮಾಡಿಕೊಳ್ಳುವ ವ್ಯವಸ್ಥೆಗೆ ನಲ್ಲಿ ನೀರನ್ನಂತೂ ಹಾಕಲೇಬೇಡಿ, ಗಟ್ಟಿ ನೀರಿನ ಬಿಳಿ ಪದರ ಸಣ್ಣ ದಾರಿಗಳನ್ನು ಮುಚ್ಚಿಬಿಡುತ್ತದೆ.

ಕಂಪ್ಯೂಟರ್ ಇಡುವ ಜಾಗ ಲೆಕ್ಕಕ್ಕೆ ಬರುತ್ತದೆ. ಆರ್‌ಸಿಸಿ ಸ್ಲ್ಯಾಬಿನ ಕೆಳಗಿನ ಮೇಲಂತಸ್ತಿನ ಕೋಣೆ ಹಗಲು ಹೀರಿದ ಬಿಸಿಯನ್ನು ರಾತ್ರಿಯೂ ಬಿಡುತ್ತಿರುತ್ತದೆ. ಕೆಳಮನೆ ಇದ್ದರೆ ಅಲ್ಲಿಗೆ ಸಾಗಿಸಿ. ಅಜ್ಜನ ಕಾಲದ ಮಣ್ಣಿನ ಮಾಳಿಗೆ ಉಳಿದಿದ್ದರೆ ಇನ್ನೂ ಒಳ್ಳೆಯದು, ಮೇಲಿಂದ ಉದುರುವ ಮಣ್ಣಿಗೆ ಮಾತ್ರ ಏನಾದರೂ ಅಡ್ಡ ಕಟ್ಟಿ.

ಮಾರ್ಚ್‌ನಿಂದ ಜೂನ್‌ವರೆಗೆ ಬಯೋಸ್‌ನಲ್ಲಿ ಓವರ್‌ಕ್ಲಾಕ್ ತೆಗೆದು, ವೋಲ್ಟೇಜನ್ನು ಹಂತಹಂತವಾಗಿ ತುಸು ಇಳಿಸಿ ನೋಡಿ. ಕಂಪ್ಯೂಟರ್ ಹ್ಯಾಂಗ್ ಆದರೆ ಒಂದು ಹಂತ ಮೇಲೆ ಬನ್ನಿ. ಇದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ. ಯುಪಿಎಸ್ ಮೇಲಿನ ಚೀಟಿಯನ್ನೂ ಓದಿಕೊಳ್ಳಿ. ಮನೆಗಳಲ್ಲಿ ಸಾಮಾನ್ಯವಾಗಿರುವ 600 ವಿಎ ಯುಪಿಎಸ್ ಸುಮಾರು 360 ವ್ಯಾಟ್ ಮಾತ್ರ ಕೊಡಬಲ್ಲದು. ಓವರ್‌ಕ್ಲಾಕ್ ಮಾಡಿದ ಪ್ರೊಸೆಸರ್ ಜೊತೆ ಗ್ರಾಫಿಕ್ಸ್ ಕಾರ್ಡೂ ದುಡಿಯುತ್ತಿರುವಾಗ ಕರೆಂಟ್ ಹೋದರೆ, ಫೈಲ್ ಸೇವ್ ಮಾಡುವ ಮೊದಲೇ ಎಲ್ಲವೂ ಆಫ್ ಆಗಬಹುದು.