ಬೀದಿಗೆ ಬೆಳಕು, ಬಾನಿಗೆ ಮಸುಕು

‘ದೀಪದ ಬುಡದಲ್ಲಿ ಕತ್ತಲೆ’ ಎಂಬುದು ಹಳೆಯ ಗಾದೆ. ಇಂದಿನ ವಿದ್ಯುದ್ದೀಪಗಳಿಗೂ ಅದು ಬೇರೊಂದು ರೀತಿಯಲ್ಲಿ ಒಪ್ಪುತ್ತದೆ. ದಾವಣಗೆರೆಯ ವಿನೋಬನಗರದಿಂದ ರಾತ್ರಿ ಪಿ.ಬಿ. ರಸ್ತೆಗೆ ಬರುವ ಪಾದಚಾರಿಯ ಕಣ್ಣಿಗೆ ಎದುರಿನ ವಾಹನದ ಬಿಳಿ ಬೆಳಕು ರಾಚಿದರೆ ಕಾಲ ಬುಡದ ಗುಂಡಿ ಕಾಣದು. ತಲೆ ಎತ್ತಿದರೆ ಬೆರಳೆಣಿಕೆಯ ನಕ್ಷತ್ರಗಳು. ಬೆಳಕು ಹೆಚ್ಚಿದಷ್ಟೂ ನೋಟ ಕುಗ್ಗುವ ಈ ವಿಚಿತ್ರ ಹೇಗೆ ಬಂತು?

ಎಣ್ಣೆಯೇ ಅಂಕುಶ

ಹಿಂದೆ ಬೆಳಕು ದುಬಾರಿ ವಸ್ತು. ಗುಡಿಯಲ್ಲಿ ನಂದಾದೀಪ ಉರಿಸಲು ಎಣ್ಣೆಗೆಂದು ಭೂಮಿಯನ್ನೋ ಹಣವನ್ನೋ ದತ್ತಿ ಬಿಟ್ಟ ವಿಷಯ ಕನ್ನಡ ನಾಡಿನ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಒಂದು ದೀಪಕ್ಕೂ ಶಾಸನ ಬರೆಸುವಷ್ಟು ಬೆಲೆಯಿದ್ದ ಕಾಲದಲ್ಲಿ ಬೆಳಕನ್ನು ಪೋಲು ಮಾಡುವವರಿರಲಿಲ್ಲ. ದೀಪ ಎಲ್ಲಿ ಬೇಕೋ ಅಲ್ಲಿ, ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಉರಿಯುತ್ತಿತ್ತು. ಎಣ್ಣೆಯ ಬೆಲೆಯೇ ಅಂದಿನ ನಿಯಮ.

ವಿದ್ಯುತ್ ಈ ಅಂಕುಶವನ್ನು ಸಡಿಲಿಸಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಿತು. ಸೀಮೆಎಣ್ಣೆ ದೀಪ ಹಿಂದೆ ಸರಿದು, ಬೆಳಕೆಂದರೆ ಪ್ರಗತಿ ಎಂಬ ಭಾವನೆ ಬೇರೂರಿತು.

ಕಾನೂನು ಕೂಡ ಅದನ್ನೇ ಹೇಳಿತು. ಹರಿಹರದಂಥ ನಗರಸಭೆಗಳಿಗೆ ಅನ್ವಯಿಸುವ 1964ರ ಪುರಸಭೆಗಳ ಅಧಿನಿಯಮ, ದಾವಣಗೆರೆಯಂಥ ಮಹಾನಗರ ಪಾಲಿಕೆಗಳಿಗೆ ಅನ್ವಯಿಸುವ 1976ರ ಅಧಿನಿಯಮ ಎರಡರಲ್ಲೂ ಸಾರ್ವಜನಿಕ ಬೀದಿಗಳಿಗೆ ಬೆಳಕು ಒದಗಿಸುವುದು ಕಡ್ಡಾಯ ಕರ್ತವ್ಯ. ಅಂದಿನ ಚಿಂತೆ ಬೆಳಕಿನ ಕೊರತೆಯೇ ಹೊರತು ಅದರ ಅತಿರೇಕವಲ್ಲ.

ಹಾಗೆಂದು ಕಣ್ಣು ಕುಕ್ಕುವ ಬೆಳಕಿಗೆ ನಮ್ಮಲ್ಲಿ ನಿಯಮವೇ ಇಲ್ಲವೆನ್ನುವಂತಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 106ನೇ ನಿಯಮದ ಪ್ರಕಾರ ವಾಹನದ ಮುಂದೀಪದ ಬೆಳಕು ಕೆಳಕ್ಕೆ ಬಾಗಿರಬೇಕು. 8 ಮೀಟರ್ ದೂರದಲ್ಲಿ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿರುವ ಕಣ್ಣನ್ನು ಅದು ಕೋರೈಸಬಾರದು. 2024ರ ಜುಲೈನಲ್ಲಿ ರಾಜ್ಯದ ಪೊಲೀಸರು ಪ್ರಖರ ಎಲ್‌ಇಡಿ ದೀಪಗಳ ವಾಹನಗಳ ವಿರುದ್ಧ ವಿಶೇಷ ಕಾರ್ಯಾಚರಣೆಯನ್ನೇ ನಡೆಸಿದರು. ಬೆಳಕು ಎಲ್ಲಿಗೆ ಬೀಳಬೇಕು ಎಂದು ಕಾನೂನು ಹೇಳಬಲ್ಲದು ಎಂಬುದಕ್ಕೆ ಇದೇ ಸಾಕ್ಷಿ.

ನಕ್ಷತ್ರಗಳನ್ನರಸಿ

ಓಡುವ ದೀಪಕ್ಕಿರುವ ಈ ಕಟ್ಟುಪಾಡು ನಿಂತ ದೀಪಕ್ಕೂ ಬೇಕೆಂದು ಮೊದಲು ಕೇಳಿದವರು ಖಗೋಳ ವಿಜ್ಞಾನಿಗಳು. ಮೇಲಕ್ಕೆ ಚೆಲ್ಲಿದ ಬೆಳಕು ಗಾಳಿಯ ಧೂಳು, ತೇವಾಂಶಗಳಲ್ಲಿ ಚದುರಿ ಆಕಾಶವನ್ನೇ ಮಸುಕಾಗಿಸುತ್ತದೆ. ನೀಲಿಯ ಅಂಶ ಹೆಚ್ಚಿರುವ ಬಿಳಿ ಬೆಳಕು ಇನ್ನೂ ಹೆಚ್ಚು ಚದುರುತ್ತದೆ. ಅಮೆರಿಕದ ಅರಿಜೋನಾದಲ್ಲಿ, ವೀಕ್ಷಣಾಲಯವಿರುವ ಫ್ಲ್ಯಾಗ್‌ಸ್ಟಾಫ್ ಪಟ್ಟಣ 1958ರಲ್ಲೇ ಜಾಹೀರಾತಿನ ಶೋಧಕ ದೀಪಗಳನ್ನು ನಿಷೇಧಿಸಿತು.

ನಮ್ಮಲ್ಲಿ ವಿಜ್ಞಾನಿಗಳೇ ಕತ್ತಲನ್ನು ಹುಡುಕಿಕೊಂಡು ಹೊರಟರು. ವೇಣು ಬಪ್ಪು ಅವರು 1960ರ ದಶಕದಲ್ಲಿ ತಮಿಳುನಾಡಿನ ಜವ್ವಾದಿ ಬೆಟ್ಟದ ಕಾವಲೂರನ್ನು ಆರಿಸಿಕೊಂಡರು. ಮುಂದೆ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಲಡಾಖ್‌ನ ಹಾನ್ಲೆಗೆ ಹೋಯಿತು. ಸುಮಾರು 4,500 ಮೀಟರ್ ಎತ್ತರದಲ್ಲಿರುವ ಅಲ್ಲಿನ 2 ಮೀಟರ್ ವ್ಯಾಸದ ದೂರದರ್ಶಕವನ್ನು ಉಪಗ್ರಹ ಸಂಪರ್ಕದ ಮೂಲಕ ಬೆಂಗಳೂರು ಸಮೀಪದ ಹೊಸಕೋಟೆಯಿಂದ ನಡೆಸುತ್ತಾರೆ. ಕನ್ನಡ ನೆಲದಲ್ಲಿ ಕುಳಿತು ನಕ್ಷತ್ರ ನೋಡಲು ಹಿಮಾಲಯದ ಕತ್ತಲೆ ಬೇಕಾಯಿತು!

ಆ ಕತ್ತಲೆಯನ್ನು ಉಳಿಸಿಕೊಳ್ಳಲು ನಿಯಮವೂ ಬೇಕಾಯಿತು. 2022ರಲ್ಲಿ ಹಾನ್ಲೆಯ ಸುತ್ತಲಿನ 1,073 ಚದರ ಕಿಲೋಮೀಟರ್ ಪ್ರದೇಶವನ್ನು ದೇಶದ ಮೊದಲ ‘ಕತ್ತಲ ಆಕಾಶ ಮೀಸಲು ಪ್ರದೇಶ’ವೆಂದು ಘೋಷಿಸಲಾಯಿತು. ಅಲ್ಲಿ ದೀಪಕ್ಕೆ ಮರೆ, ಕಿಟಕಿಗೆ ಪರದೆ, ಬಲ್ಬಿಗೆ ಹಳದಿ ಛಾಯೆ. ಊರಿನ ಯುವಕ ಯುವತಿಯರಿಗೆ ದೂರದರ್ಶಕ ಕೊಟ್ಟು, ಪ್ರವಾಸಿಗರಿಗೆ ಆಕಾಶ ತೋರಿಸುವ ತರಬೇತಿಯನ್ನೂ ನೀಡಲಾಗಿದೆ. ಕತ್ತಲೆ ಅವರಿಗೆ ಜೀವನೋಪಾಯವಾಗಿದೆ.

ಊರಿಗೆಷ್ಟು ಬೇಕು?

ದಾವಣಗೆರೆ ಹಾನ್ಲೆಯಾಗಬೇಕಿಲ್ಲ. ರಾತ್ರಿ ಪಾಳಿ ಮುಗಿಸಿ ಬರುವ ಕಾರ್ಮಿಕರಿಗೆ, ಟ್ಯೂಷನ್ ಮುಗಿಸಿ ಮನೆಗೆ ನಡೆಯುವ ಹೆಣ್ಣುಮಕ್ಕಳಿಗೆ ಬೀದಿದೀಪ ಬೇಕೇ ಬೇಕು. ಆದರೆ ಅವರಿಗೆ ಬೇಕಾದುದು ನೆಲದ ಮೇಲೆ ಬೀಳುವ ಬೆಳಕು, ಕಣ್ಣಿಗೋ ಮಹಡಿಯ ಕಿಟಕಿಗೋ ಮುಗಿಲಿಗೋ ಬೀಳುವುದಲ್ಲ. ದೀಪದ ಮೇಲ್ಭಾಗಕ್ಕೆ ಮರೆ, ಕೆಳಕ್ಕೆ ಬಾಗಿದ ಮುಖ, ತುಸು ಹಳದಿ ಬಣ್ಣ, ಅಂಗಡಿ ಮುಚ್ಚಿದ ಮೇಲೆ ಆರುವ ಜಾಹೀರಾತು ಫಲಕ—ಇವಿಷ್ಟಕ್ಕೆ ದೊಡ್ಡ ಖರ್ಚಿಲ್ಲ. ವ್ಯರ್ಥ ಬೆಳಕು ತಪ್ಪಿದರೆ ವಿದ್ಯುತ್ತೂ ಉಳಿಯುತ್ತದೆ.

ಎಲ್‌ಇಡಿ ಬಂದ ಮೇಲೆ ಬೆಳಕು ಎಂದಿಗಿಂತ ಅಗ್ಗ. ಎಣ್ಣೆ ತೀರೀತೆಂಬ ಅಳುಕು ಇಲ್ಲ. ಅಂದು ಎಣ್ಣೆಯ ಬೆಲೆ ಮಾಡುತ್ತಿದ್ದ ಕೆಲಸವನ್ನು ಇಂದು ಊರಿನ ನಿಯಮವೇ ಮಾಡಬೇಕಾಗಿದೆ.