ಕಿವಿಯ ಶಂಖದೊಳಗೆ ಕಾಂತಸುರುಳಿ

ಕಿವುಡರ ಒಳಗಿವಿಯಲ್ಲಿ ಕೂತು ಶ್ರವಣನರವನ್ನು ಕರೆಂಟಿನಿಂದ ಎಬ್ಬಿಸುವ ಸಾಧನ ಕಾಕ್ಲಿಯರ್ ಇಂಪ್ಲಾಂಟ್. ಅದು ಬೆಳೆದುಬಂದ ಬಗೆಯಲ್ಲಿ ಒಂದು ಕೊರತೆ ಎದ್ದು ಕಾಣುತ್ತದೆ. ಶಬ್ದವನ್ನು ಸೋಸಿ ವಿಂಗಡಿಸುವ ಕೆಲಸ ಬಹಳ ಮುಂದೆ ಹೋಗಿದೆ. ವಿಂಗಡಿಸಿದ್ದನ್ನು ನರಕ್ಕೆ ಮುಟ್ಟಿಸುವ ಕೆಲಸ ಹಿಂದುಳಿದಿದೆ. 1957ರಲ್ಲಿ ಪ್ಯಾರಿಸ್‌ನ ಜೂರ್ನೊ ಮತ್ತು ಐರಿಯೆಸ್ ಕಿವುಡರೊಬ್ಬರ ಶ್ರವಣನರಕ್ಕೆ ನೇರವಾಗಿ ಕರೆಂಟ್ ಕೊಟ್ಟು ಸದ್ದು ಕೇಳಿಸಿದರು. 1978ರಲ್ಲಿ ಮೆಲ್ಬರ್ನ್‌ನ ಗ್ರೇಮ್ ಕ್ಲಾರ್ಕ್ ಹಲವು ಎಲೆಕ್ಟ್ರೋಡುಗಳ ಸಾಧನವನ್ನು ಅಳವಡಿಸಿದರು. 1991ರಲ್ಲಿ ಬ್ಲೇಕ್ ವಿಲ್ಸನ್ ತಂಡ, ಎಲೆಕ್ಟ್ರೋಡುಗಳಿಗೆ ಏಕಕಾಲಕ್ಕೆ ಮಿಡಿತ ಕೊಡದೆ ಒಂದಾದ ಮೇಲೊಂದಕ್ಕೆ ಅತಿವೇಗವಾಗಿ ಕೊಡುವ ವಿಧಾನವನ್ನು ಪ್ರಕಟಿಸಿತು; ಮಾತು ತಿಳಿಯುವ ಮಟ್ಟ ಒಮ್ಮೆಲೇ ಏರಿತು. ಅಲ್ಲಿಂದೀಚೆಗೆ ಶಬ್ದವನ್ನು ವಿಂಗಡಿಸುವ ಹೊರಗಿನ ಪ್ರೊಸೆಸರ್ ಚಿಕ್ಕದಾಗಿದೆ, ಚುರುಕಾಗಿದೆ. ಆದರೆ ಒಳಗೆ 12 ಇರಲಿ, 22 ಇರಲಿ, ಎಷ್ಟೇ ಎಲೆಕ್ಟ್ರೋಡುಗಳಿದ್ದರೂ ಬಳಸುವವರಿಗೆ ದಕ್ಕುವುದು ಸಾಮಾನ್ಯವಾಗಿ ಹೆಚ್ಚೆಂದರೆ ಎಂಟರಷ್ಟು ಸ್ವತಂತ್ರ ದಾರಿಗಳು.

ಹುಟ್ಟುಗಿವುಡಿನಲ್ಲಿ ಬಹುಪಾಲು ಸಂದರ್ಭಗಳಲ್ಲಿ ಹಾಳಾಗಿರುವುದು ಒಳಗಿವಿಯ ಶಂಖದಂಥ ಭಾಗವಾದ ಕಾಕ್ಲಿಯಾದಲ್ಲಿ ಸದ್ದನ್ನು ನರಕ್ಕೆ ದಾಟಿಸುವ ರೋಮಕೋಶಗಳು. ನರ ಉಳಿದಿರುತ್ತದೆ; ಇಂಪ್ಲಾಂಟ್ ಮಾತಾಡಿಸುವುದು ಅದನ್ನೇ. ತೊಡಕೆಂದರೆ ಕಾಕ್ಲಿಯಾದೊಳಗೆ ತುಂಬಿರುವುದು ಉಪ್ಪುಪ್ಪಾದ ದ್ರವ. ಒಂದು ಮಡಿಗೆ ಬಿಟ್ಟ ನಾಲೆಯ ನೀರು ಬದು ದಾಟಿ ಪಕ್ಕದ ಮಡಿಗೂ ನುಗ್ಗುವಂತೆ, ಒಂದು ಎಲೆಕ್ಟ್ರೋಡಿನ ಕರೆಂಟ್ ನೆರೆಯ ನರತಂತುಗಳನ್ನೂ ಎಬ್ಬಿಸುತ್ತದೆ. ಕನ್ನಡದ ಕಿವಿಗೆ ಇದು ಸಣ್ಣ ನಷ್ಟವಲ್ಲ. ‘ಬೆಲೆ’ ಮತ್ತು ‘ಬೆಳೆ’ಗಳನ್ನು ಬೇರೆಮಾಡುವುದು ಮುಖ್ಯವಾಗಿ ಯಾವ ಆವರ್ತನದಲ್ಲಿ ಎಷ್ಟು ಶಕ್ತಿಯಿದೆ ಎಂಬ ಸೂಕ್ಷ್ಮ. ಹ್ರಸ್ವ ದೀರ್ಘಗಳ ಭೇದ ಕಾಲದ ಅಳತೆ, ಅದು ಸುಲಭವಾಗಿ ದಾಟಿಬರುತ್ತದೆ. ಲ-ಳ, ತ-ಟಗಳ ಭೇದ ಅಷ್ಟು ಸುಲಭಕ್ಕೆ ದಾಟದು. ನಿಶ್ಶಬ್ದ ಕೋಣೆಯಲ್ಲಿ ವಾಕ್ಯದ ಸಂದರ್ಭ ನೆರವಿಗೆ ಬರುತ್ತದೆ. ಶಿವಮೊಗ್ಗದ ಗಾಂಧಿ ಬಜಾರಿನ ಸಂಜೆಯ ಗಲಾಟೆಯಲ್ಲಿ ಆ ನೆರವೂ ಸಿಗುವುದಿಲ್ಲ.

ಎಲೆಕ್ಟ್ರೋಡಿನ ಬದಲು ತಂತಿಯ ಸುರುಳಿಯಿಂದ, ಕಾಂತಕ್ಷೇತ್ರದ ಮೂಲಕ ನರವನ್ನು ಎಬ್ಬಿಸುವ ವಿಚಾರ ಪ್ರಸ್ತುತವಾಗುವುದು ಇಲ್ಲಿ. ಬದಲಾಗುವ ಕಾಂತಕ್ಷೇತ್ರ ವಿದ್ಯುತ್ ಕ್ಷೇತ್ರವನ್ನು ಹುಟ್ಟಿಸುತ್ತದೆಂದು ಫ್ಯಾರಡೆ 1831ರಲ್ಲಿ ತೋರಿಸಿದ. ಜೋಗದ ಜನರೇಟರುಗಳು ನಡೆಯುವುದೂ ಈ ನಿಯಮದಿಂದಲೇ. 1985ರಲ್ಲಿ ಶೆಫೀಲ್ಡ್‌ನ ಆಂಥನಿ ಬಾರ್ಕರ್ ತಲೆಯ ಹೊರಗಿಟ್ಟ ದೊಡ್ಡ ಸುರುಳಿಯಿಂದ ಮಿದುಳನ್ನು ಪ್ರಚೋದಿಸಿದರು. 2012ರಲ್ಲಿ ಬಾಸ್ಟನ್ನಿನ ಬೊನ್ಮಸ್ಸಾರ್, ಫ್ರೈಡ್ ಮತ್ತು ಸಂಗಡಿಗರು, ಎಲೆಕ್ಟ್ರಾನಿಕ್ ಬೋರ್ಡಿನಲ್ಲಿ ಬಳಸುವಂಥ ಪುಟ್ಟ ಇಂಡಕ್ಟರಿನಿಂದಲೇ ರೆಟಿನಾದ ನರಕೋಶಗಳು ಮಿಡಿಯುತ್ತವೆಂದು ಕಂಡರು. 2022ರಲ್ಲಿ ಫ್ರೈಡ್ ಇದ್ದ ತಂಡವೇ ಇಲಿಯ ಕಾಕ್ಲಿಯಾಕ್ಕೆ ಸೂಕ್ಷ್ಮಸುರುಳಿ ಇಳಿಸಿ, ಮಿದುಳಿನ ಶ್ರವಣಕೇಂದ್ರದಲ್ಲಿ ಉತ್ತರವನ್ನು ಅಳೆಯಿತು: ಎಲೆಕ್ಟ್ರೋಡಿಗಿಂತ ಪ್ರಚೋದನೆಯ ಹರವು ಸುಮಾರು 60% ಕಿರಿದು, ನಿಜವಾದ ಸ್ವರ ಕೇಳಿಸಿದಾಗಿನ ಹರವಿಗೆ ಬಹುಮಟ್ಟಿಗೆ ಸಮ. ಹರವನ್ನು ಕಿರಿದಾಗಿಸಲು ಬೆಳಕನ್ನು ಬಳಸುವ ದಾರಿಯೂ ಇದೆ. ಆದರೆ ಅದರ ಒಂದು ಮುಖ್ಯ ಬಗೆಗೆ ನರಕೋಶಕ್ಕೆ ಹೊಸ ಜೀನ್ ಸೇರಿಸಬೇಕು. ಸುರುಳಿಗೆ ಅದು ಬೇಡ, ಹಾಗಾಗಿ ನನಗೆ ಇದೇ ಹತ್ತಿರದ ದಾರಿಯಾಗಿ ಕಾಣುತ್ತದೆ. ಇನ್ನು ತಯಾರಿಕೆ. ಹೆಚ್ಚೆಂದರೆ ಒಂದೆರಡು ಮಿಲಿಮೀಟರ್ ಅಗಲದ ಬಾಗಿದ ಕಾಲುವೆಯೊಳಗೆ ಕೈಯಿಂದ ಸುತ್ತಿದ ಸಾಲುಸಾಲು ಸುರುಳಿಗಳನ್ನು ಕೂರಿಸಲಾಗದು. ಬೆಳ್ಳಿಯ ನ್ಯಾನೋಕಣಗಳ ಶಾಯಿಯನ್ನು ಮಂಜಾಗಿಸಿ, ಸೂಜಿಮೊನೆಯಷ್ಟು ಕಿರಿದಾದ ಧಾರೆಯಲ್ಲಿ ಬಾಗುವ ಪಾಲಿಮರ್ ಪಟ್ಟಿಯ ಮೇಲೆ ಎರಚಿ, ಕಾಯಿಸಿ ಗಟ್ಟಿಮಾಡಿ, ನಡುವೆ ನಿರೋಧಕ ಪದರ ಹಾಕಿ, ಅದರ ಮೇಲೆ ಮತ್ತೊಂದು ಸುತ್ತು ಎಳೆಯುವ ಮುದ್ರಣ ಮುಖ್ಯವಾಗುವುದು ಅದಕ್ಕೇ.

ಆಕ್ಷೇಪಗಳು ಹಗುರವಾದುವಲ್ಲ. ನರವನ್ನು ಎಬ್ಬಿಸಿದ್ದು ಕಾಂತಕ್ಷೇತ್ರವೋ, ಸುರುಳಿಯಿಂದ ಸೋರಿದ ಕರೆಂಟೋ ಎಂಬ ಸಂಶಯ ನ್ಯಾಯವಾದದ್ದೇ. ಸುರುಳಿಯ ದಿಕ್ಕು ತಿರುಗಿಸಿದಾಗ ಉತ್ತರವೂ ಬದಲಾದದ್ದು 2012ರ ಪ್ರಯೋಗದಲ್ಲಿ ಆ ಸಂಶಯವನ್ನು ಬಹುಪಾಲು ತಗ್ಗಿಸಿತು. ಶಕ್ತಿಯ ಪ್ರಶ್ನೆಗೆ ಮಾತ್ರ ಇನ್ನೂ ಉತ್ತರ ಸಾಲದು. ಸುರುಳಿ ಎಲೆಕ್ಟ್ರೋಡಿಗಿಂತ ಬಹಳ ಹೆಚ್ಚು ಕರೆಂಟ್ ಬೇಡುತ್ತದೆ, ಮುದ್ರಿತ ಬೆಳ್ಳಿಯ ರೋಧ ಗಟ್ಟಿ ಬೆಳ್ಳಿಗಿಂತ ಹೆಚ್ಚು, ಎರಡೂ ಸೇರಿದರೆ ಬಿಸಿ. ದೇಹದೊಳಗಿನ ಸಾಧನ ಸುತ್ತಲ ಅಂಗಾಂಶವನ್ನು 2 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿಮಾಡಕೂಡದು. ಈ ಬಿಸಿಯನ್ನು ಅಳೆದು ತೋರಿಸದ ಯಾವ ಫಲಿತಾಂಶವನ್ನೂ ನಾನು ಅರ್ಧ ಫಲಿತಾಂಶವೆಂದೇ ಎಣಿಸುತ್ತೇನೆ.

ಇನ್ನೊಂದು ಆಕ್ಷೇಪ ನಮ್ಮ ಶಿವಮೊಗ್ಗ ಜಿಲ್ಲೆಯದೇ. ನವಜಾತ ಶಿಶುವಿನ ಶ್ರವಣ ತಪಾಸಣೆ, ಮ್ಯಾಪಿಂಗ್ (ಇಂಪ್ಲಾಂಟನ್ನು ಆಯಾ ಕಿವಿಗೆ ಹೊಂದಿಸುವುದು), ಮಾತಿನ ತರಬೇತಿ ಎಲ್ಲರಿಗೂ ಎಟುಕದಿರುವಾಗ ಸುರುಳಿಯ ಚಿಂತೆ ಏಕೆ? ಮೊದಲು ಆಗಬೇಕಾದ್ದು ಅವೇ, ಸಂದೇಹವಿಲ್ಲ. ಇಲ್ಲಿನ ಮೆಗ್ಗಾನ್ ಆಸ್ಪತ್ರೆಯಲ್ಲಾಗಲಿ ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಾಗಲಿ ಕಿವುಡು ಖಚಿತವಾದ ಮಗುವಿಗೆ ಹೊಸ ತಂತ್ರ ಬರಲೆಂದು ಶಸ್ತ್ರಚಿಕಿತ್ಸೆ ಮುಂದೂಡುವುದು ತಪ್ಪು. ಭಾಷೆ ಕಲಿಯುವ ಮಿದುಳಿನ ವಯಸ್ಸು ಕಾಯುವುದಿಲ್ಲ. ಆದರೆ ಹೊರಗಿನ ಪ್ರೊಸೆಸರ್ ಬದಲಾಯಿಸಬಹುದು, ಒಳಗಿನ ಎಲೆಕ್ಟ್ರೋಡ್ ಪಟ್ಟಿ ಸಾಮಾನ್ಯವಾಗಿ ದಶಕಗಳ ಕಾಲ ಅಲ್ಲೇ ಉಳಿಯುತ್ತದೆ. ಅಂಗವಿಕಲರ ಸಾಧನಗಳಿಗೆ ನೆರವಾಗುವ ಕೇಂದ್ರದ ಎಡಿಐಪಿ ಯೋಜನೆ ಒಂದು ಇಂಪ್ಲಾಂಟಿಗೆ ನಿಗದಿತ ಮಿತಿಯವರೆಗೆ ಹಣ ಕೊಡುತ್ತದೆ. ಎರಡನೆಯದನ್ನು ಸ್ವಂತ ಹಣದಿಂದ ಹಾಕಿಸುವುದು ಹೆಚ್ಚಿನ ಮನೆಗಳಿಗೆ ಆಗದ ಮಾತು. ಒಳಗಿನ ಪಟ್ಟಿಯ ಮಿತಿ ಅವರ ಮಕ್ಕಳಿಗೆ ಬಹುಕಾಲದ ಮಿತಿ. ಆದ್ದರಿಂದ ಎಲೆಕ್ಟ್ರೋಡೂ ಸುರುಳಿಯೂ ಒಂದೇ ಪಟ್ಟಿಯಲ್ಲಿರುವ ಮಾದರಿಯನ್ನು, ಇಲಿಗಿಂತ ದೊಡ್ಡ ಪ್ರಾಣಿಯ ಬಹುಕಾಲ ಕಿವುಡಾಗಿದ್ದ ಕಿವಿಯಲ್ಲಿ, ಬಿಸಿಯನ್ನೂ ಬ್ಯಾಟರಿಯ ಖರ್ಚನ್ನೂ ಜೊತೆಗೇ ಅಳೆಯುತ್ತ ಪರೀಕ್ಷಿಸುವುದು ಈಗ ತುರ್ತಾಗಿ ಆಗಬೇಕಾದ ಕೆಲಸ.